ಅರಗು: ಕೀಟದ ಕವಚದಿಂದ ಬೊಂಬೆಯ ಹೊಳಪಿಗೆ

ಪಾಂಡವರನ್ನು ಸುಡಲು ಅರಗಿನ ಮನೆ ಕಟ್ಟಿಸಿದ ಕಥೆಯನ್ನು ನೀವು ಕೇಳಿದ್ದೀರಿ. ಚನ್ನಪಟ್ಟಣದ ಮರದ ಬೊಂಬೆಗಳ ಹೊಳಪಿಗೂ ಅರಗೇ ಕಾರಣ. ಈ ಅರಗು ಘನವೇ, ದ್ರವವೇ? ನೈಸರ್ಗಿಕ ವಸ್ತುವೇ, ಸಂಸ್ಕರಿಸಿದ ವಸ್ತುವೇ? ಉತ್ತರ ನೀವು ಎಣಿಸಿದಷ್ಟು ಸುಲಭವಲ್ಲ.

ಕೀಟದ ಕೊಡುಗೆ

ಮುತ್ತುಗ, ಎಲಚಿ ಮುಂತಾದ ಮರಗಳ ಎಳೆಯ ರೆಂಬೆಗಳ ಮೇಲೆ ಅರಗಿನ ಕೀಟ ವಾಸಿಸುತ್ತದೆ. ಇದರ ವೈಜ್ಞಾನಿಕ ಹೆಸರು ಕೆರ್ರಿಯ ಲ್ಯಾಕ. ಮರಿಗಳು ಒಂದು ಮಿಲಿಮೀಟರಿಗಿಂತ ಚಿಕ್ಕವು. ಅವು ರೆಂಬೆಗೆ ಅಂಟಿಕೊಂಡು ರಸ ಹೀರುತ್ತ, ಮೈಯಿಂದ ಅಂಟಾದ ರಾಳವನ್ನು ಸ್ರವಿಸುತ್ತವೆ. ಗಾಳಿ ತಾಗಿದ ರಾಳ ಗಟ್ಟಿಯಾಗಿ ಕೀಟಕ್ಕೆ ರಕ್ಷಾಕವಚವಾಗುತ್ತದೆ. ಇಲ್ಲಿಯವರೆಗೆ ಅರಗು ಪೂರ್ಣವಾಗಿ ನೈಸರ್ಗಿಕ ವಸ್ತು.

ರೆಂಬೆಯಿಂದ ಕೆರೆದು ತೆಗೆದ ಅರಗಿನಲ್ಲಿ ತೊಗಟೆಯ ಚೂರು, ಕೀಟದ ಅವಶೇಷ, ಕೆಂಪು ಬಣ್ಣ ಎಲ್ಲವೂ ಇರುತ್ತವೆ. ಅದನ್ನು ಪುಡಿಮಾಡಿ ನೀರಿನಲ್ಲಿ ತೊಳೆಯುತ್ತಾರೆ. ನಂತರ ಬಟ್ಟೆಯ ಚೀಲದಲ್ಲಿ ತುಂಬಿ, ಕಾಯಿಸಿ, ಹಿಂಡಿ, ತೆಳು ಹಾಳೆಗಳಾಗಿ ಎಳೆಯುತ್ತಾರೆ. ಇದೇ ಶೆಲ್ಯಾಕ್. ಇದು ಸಂಸ್ಕರಿಸಿದ ವಸ್ತು. ಆದರೆ ಗಮನಿಸಿ: ಇಲ್ಲಿ ಕಸವನ್ನು ಬೇರ್ಪಡಿಸಿದ್ದೇವೆ ಅಷ್ಟೆ, ರಾಳ ಕೀಟವು ತಯಾರಿಸಿದ್ದೇ.

ಘನವೇ, ದ್ರವವೇ?

ಮಂಜುಗಡ್ಡೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ನೀರಾಗುತ್ತದೆ. ಅದರಲ್ಲಿರುವುದು ಒಂದೇ ಬಗೆಯ ಅಣುಗಳು, ಅವು ಕ್ರಮಬದ್ಧವಾಗಿ ಜೋಡಣೆಗೊಂಡಿವೆ. ಆದ್ದರಿಂದ ಕರಗುವ ಬಿಂದು ನಿಖರ. ಅರಗು ಹಾಗಲ್ಲ. ಅದು ಹಲವು ಸಂಯುಕ್ತಗಳ ಮಿಶ್ರಣ. ಅಣುಗಳ ಜೋಡಣೆಯೂ ಅಸ್ತವ್ಯಸ್ತ. ಕಾಯಿಸಿದಾಗ ಮೊದಲು ಮೆದುವಾಗಿ, ಸುಮಾರು 75-80 ಡಿಗ್ರಿಯ ಹೊತ್ತಿಗೆ ಮಂದವಾಗಿ ಹರಿಯುತ್ತದೆ. ಆರಿದರೆ ಪುನಃ ಗಟ್ಟಿ.

ಚನ್ನಪಟ್ಟಣದ ಕುಶಲಕರ್ಮಿಗಳು ಬಳಸಿಕೊಳ್ಳುವುದು ಈ ಗುಣವನ್ನೇ. ಹಾಲೆ ಮರದ ತುಂಡು ಲೇತ್‌ನಲ್ಲಿ ವೇಗವಾಗಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಮೆದುವಾಗಿ ಮರಕ್ಕೆ ಲೇಪವಾಗುತ್ತದೆ. ಒಣ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಒಲೆಯೂ ಬೇಡ, ಕುಂಚವೂ ಬೇಡ!

ಬಡಗಿಗಳು ಶೆಲ್ಯಾಕನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಷ್ ಮಾಡುತ್ತಾರೆ. ಮಂಜುಗಡ್ಡೆ ಕರಗಿತು, ಸಕ್ಕರೆ ಕರಗಿತು ಎಂದು ಎರಡಕ್ಕೂ ನಾವು ಒಂದೇ ಪದ ಬಳಸುತ್ತೇವೆ. ಆದರೆ ಮೊದಲನೆಯದಕ್ಕೆ ಶಾಖ ಸಾಕು. ಎರಡನೆಯದಕ್ಕೆ ದ್ರಾವಕ ಬೇಕು. ಅರಗು ಎರಡೂ ರೀತಿಯಲ್ಲಿ ಕರಗುತ್ತದೆ.

ಬೇಕಲೈಟ್ ಬಂದದ್ದು

ಹಿಂದೆ ಗ್ರಾಮಫೋನ್ ತಟ್ಟೆಗಳ ತಯಾರಿಕೆಗೂ ವಿದ್ಯುತ್ ನಿರೋಧಕವಾಗಿಯೂ ಶೆಲ್ಯಾಕ್ ಬೇಕಾಗಿತ್ತು. ಅದಕ್ಕೆ ಬದಲಿ ಹುಡುಕುತ್ತಿದ್ದ ಲಿಯೋ ಬೇಕಲೆಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ವರ್ತಿಸುವಂತೆ ಮಾಡಿ ಬೇಕಲೈಟ್ ಪಡೆದರು. ಇದು ಸಂಸ್ಕರಣೆಯಲ್ಲ, ಸಂಶ್ಲೇಷಣೆ. ಇಲ್ಲಿ ಹೊಸ ವಸ್ತುವೇ ಹುಟ್ಟಿತು. ಅದರ ಅಣುಗಳು ಬಲೆಯಂತೆ ಹೆಣೆದುಕೊಂಡಿರುವುದರಿಂದ ಒಮ್ಮೆ ಗಟ್ಟಿಯಾದ ಬೇಕಲೈಟ್ ಕಾಯಿಸಿದರೂ ಮೆದುವಾಗದು. ಅರಗನ್ನೂ ಬಹಳ ಹೊತ್ತು ಕಾಯಿಸಿದರೆ ಇಂತಹ ಬದಲಾವಣೆಯಾಗಿ ಅದು ಮತ್ತೆ ಕರಗದಂತಾಗುತ್ತದೆ.

ನೈಸರ್ಗಿಕವಾದರೆ ಸುರಕ್ಷಿತವೇ?

ನಿಮ್ಮ ಮನೆಯ ಪುಟ್ಟ ತಂಗಿ ಬೊಂಬೆಯನ್ನು ಬಾಯಿಗಿಡುತ್ತಾಳೆ ಎನ್ನಿ. 'ಮರ ನೈಸರ್ಗಿಕ, ಅರಗು ನೈಸರ್ಗಿಕ, ಭಯವಿಲ್ಲ' ಎನ್ನಬಹುದೇ? ಅರಗಿಗೆ ಬೆರೆಸಿದ ಬಣ್ಣ ಯಾವುದು ಎಂಬುದನ್ನೂ ಕೇಳಬೇಕು. ಸೀಸವೂ ಭೂಮಿಯಲ್ಲಿ ಸಿಗುವ ನೈಸರ್ಗಿಕ ಧಾತುವೇ. ಆದರೆ ಅದು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಆದ್ದರಿಂದಲೇ ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅರಿಸಿನದಂತಹ ಸಸ್ಯಮೂಲದ ಬಣ್ಣಗಳನ್ನು ಬಳಸುವ ಕುಶಲಕರ್ಮಿಗಳೂ ಚನ್ನಪಟ್ಟಣದಲ್ಲಿದ್ದಾರೆ.

ವಸ್ತು ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ, ಅದರಲ್ಲಿ ಏನಿದೆ ಎಂಬುದು ಮತ್ತೊಂದು. ಮುಂದಿನ ಸಲ ಬೊಂಬೆ ಕೊಳ್ಳುವಾಗ ಎರಡನ್ನೂ ಕೇಳಿ.