ಹಳೆಯ ಜಾವಾ ವಾಹನದ ಜೀರ್ಣೋದ್ಧಾರ

ಪ್ರಾಣಿಗಳಿಗಿರುವಂತೆ ಯಂತ್ರಗಳಿಗೂ ಬಾಲ್ಯ, ಯೌವನ, ವಾರ್ಧಕ್ಯಗಳೆಂಬ ಅವಸ್ಥೆಗಳುಂಟು. ಆದರೆ ಎರಡಕ್ಕೂ ಒಂದು ದೊಡ್ಡ ಭೇದವಿದೆ. ದೇಹಕ್ಕೆ ಬಂದ ಮುಪ್ಪನ್ನು ಯಾವ ವೈದ್ಯನೂ ಹಿಂದಿರುಗಿಸಲಾರನು. ಯಂತ್ರಕ್ಕೆ ಬಂದ ಮುಪ್ಪನ್ನಾದರೋ, ಸವೆದ ಅಂಗವನ್ನು ತೆಗೆದು ತಕ್ಕ ಅಂಗವನ್ನು ಜೋಡಿಸುವುದರಿಂದ, ಬಲ್ಲವನಾದ ಕೆಲಸಗಾರನು ಬಹುಮಟ್ಟಿಗೆ ಕಳೆಯಬಲ್ಲನು. ನಮ್ಮ ಹಿರಿಯರು ದೇವಾಲಯ, ಕೆರೆ, ಬಾವಿಗಳ ವಿಷಯದಲ್ಲಿ ಇದನ್ನೇ ಜೀರ್ಣೋದ್ಧಾರವೆಂದು ಕರೆದರು; ಹೊಸದನ್ನು ಕಟ್ಟಿಸುವುದಕ್ಕಿಂತ ಬಿದ್ದುದನ್ನು ಎತ್ತಿ ನಿಲ್ಲಿಸುವುದು ಕಡಿಮೆಯ ಪುಣ್ಯವಲ್ಲವೆಂದು ಬಗೆದರು. ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿಯೋ ಮೆಟ್ಟಿಲ ಕೆಳಗೋ, ಗೋಣಿತಾಟು ಹೊದೆದು ನಿಂತಿರುವ ಜಾವಾ ಅಥವಾ ಯೆಜ್ಡಿ ಮೋಟಾರು ಸೈಕಲ್ಲು ಇರುವುದುಂಟು. ತಂದೆಯು ಕೊಂಡುದು, ಮಗನು ಬಿಟ್ಟುದು. ಅದನ್ನು ಗುಜರಿಯವನ ತಕ್ಕಡಿಗೆ ಹಾಕಬೇಕೆ, ಮರಳಿ ಓಡಿಸಬೇಕೆ ಎಂಬ ಪ್ರಶ್ನೆಯು ಮನೆಯವರೆಲ್ಲರಿಗೂ ಸೇರಿದ್ದು. ಏಕೆಂದರೆ ಹಣವೂ ಮನೆಯದು, ಸವಾರನ ಪ್ರಾಣವೂ ಮನೆಯದು. ಆದಕಾರಣ ಈ ವಿಷಯವನ್ನು ಕೊಂಚ ಕ್ರಮವಾಗಿ ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಮೊದಲು ಈ ವಾಹನದ ವಂಶವನ್ನು ತಿಳಿಯೋಣ. ಚೆಕೊಸ್ಲೊವಾಕಿಯ ದೇಶದ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಯಂತ್ರಶಿಲ್ಪಿಯು ೧೯೨೯ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರು ಸೈಕಲ್ಲಿನ ಹಕ್ಕುಗಳನ್ನು ಕೊಂಡು, ತನ್ನ ಹೆಸರಿನ ಆದ್ಯಕ್ಷರಗಳನ್ನೂ ಆ ಸಂಸ್ಥೆಯ ಆದ್ಯಕ್ಷರಗಳನ್ನೂ ಕೂಡಿಸಿ ಜಾವಾ ಎಂಬ ನಾಮಕರಣ ಮಾಡಿದನು. ಹೀಗಾಗಿ ಈ ಹೆಸರಿಗೂ ಜಾವಾ ದ್ವೀಪಕ್ಕೂ ಯಾವ ಸಂಬಂಧವೂ ಇಲ್ಲ. ೧೯೬೦ರ ದಶಕದ ಆದಿಭಾಗದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯು ಇದೇ ವಾಹನವನ್ನು ಪರವಾನಗಿ ಪಡೆದು ತಯಾರಿಸತೊಡಗಿತು. ೧೯೭೩ರಿಂದ ಯೆಜ್ಡಿ ಎಂಬ ಹೆಸರು ಬಳಕೆಗೆ ಬಂದಿತು. ೧೯೭೮ರಲ್ಲಿ ದೂರಪ್ರಯಾಣಿಕರ ಮೆಚ್ಚುಗೆಗೆ ಪಾತ್ರವಾದ ರೋಡ್‌ಕಿಂಗ್ ಹೊರಬಂದಿತು. ೧೯೯೬ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಂದಿಗೆ ಇಪ್ಪತ್ತು ವರ್ಷದ ಹುಡುಗನಾಗಿ ಅಲ್ಲಿ ಸುತ್ತಿಗೆ ಹಿಡಿದವನು ಈಗ ಐವತ್ತರ ಆಸುಪಾಸಿನವನು. ಅವನಿಗೆ ಕಲಿಸಿದವರಲ್ಲಿ ಅನೇಕರು ಈಗಿಲ್ಲ. ಬಿಡಿಭಾಗಗಳ ಅಭಾವಕ್ಕಿಂತಲೂ ಈ ವಿದ್ಯೆಯ ಅಭಾವವು ಹೆಚ್ಚು ಚಿಂತಿಸತಕ್ಕ ವಿಷಯ.

೨೦೧೮ರಲ್ಲಿ ಜಾವಾ ಎಂಬ ಹೆಸರಿನಿಂದ ಹೊಸ ವಾಹನಗಳು ಮರಳಿ ಮಾರುಕಟ್ಟೆಗೆ ಬಂದುದನ್ನು ವಾಚಕರು ಬಲ್ಲರು. ಹೆಸರು ಒಂದೇ ಆದಮಾತ್ರಕ್ಕೆ ಅಂಗಗಳೂ ಒಂದೇ ಎಂದು ಭ್ರಮಿಸಕೂಡದು. ಹೊಸದರ ಎಂಜಿನು ನೀರಿನಿಂದ ತಂಪಾಗುವ, ನಾಲ್ಕು ಹೊಡೆತದ ಯಂತ್ರ. ಹಳೆಯದು ಗಾಳಿಯಿಂದ ತಂಪಾಗುವ, ಎರಡು ಹೊಡೆತದ ಯಂತ್ರ. ಒಂದರ ಪಿಸ್ಟನ್ನು ಮತ್ತೊಂದಕ್ಕೆ ಹೊಂದಲಾರದು.

ಹಳೆಯ ೨೫೦ ಜಾವಾದ ಸಿಲಿಂಡರು ಒಂದೇ. ಅದರ ಒಳವ್ಯಾಸ ೬೫ ಮಿಲಿಮೀಟರು, ಪಿಸ್ಟನ್ನಿನ ಓಡಾಟ ೭೫ ಮಿಲಿಮೀಟರು. ಸಿಲಿಂಡರು ಒಂದಾದರೂ ಹೊಗೆ ಹೋಗುವ ಕೊಳವೆಗಳು ಎರಡು. ಎಡಗಾಲ ಬಳಿಯ ಒಂದೇ ಸನ್ನೆಯು, ಒಂದು ರೀತಿಯಲ್ಲಿ ಹಿಡಿದರೆ ಎಂಜಿನನ್ನು ಎಬ್ಬಿಸುವ ಕಿಕ್ಕರು. ಮುಂದಕ್ಕೆ ತಿರುಗಿಸಿದರೆ ಗೇರು ಬದಲಿಸುವ ಸಾಧನ. ಇಂಧನದ ಕ್ರಮವೂ ವಿಶೇಷವಾದುದೇ. ಪೆಟ್ರೋಲು, ತೈಲ ಮತ್ತು ಗಾಳಿಯ ಮಿಶ್ರಣವು ಮೊದಲು ಪಿಸ್ಟನ್ನಿನ ಕೆಳಗಿರುವ ಕೋಣೆಯನ್ನು ಸೇರಿ, ಅಲ್ಲಿ ಒತ್ತಲ್ಪಟ್ಟು, ಪಕ್ಕದ ದಾರಿಗಳಿಂದ ಮೇಲಕ್ಕೇರಿ ಉರಿಯುತ್ತದೆ. ಕೆಳಗಿನ ಕೋಣೆಯು ಗಾಳಿ ನುಸುಳದಂತೆ ಭದ್ರವಾಗಿರುವುದೇ ಈ ಯಂತ್ರದ ಆರೋಗ್ಯದ ಮೂಲ. ಈ ಒಂದು ತತ್ತ್ವವನ್ನು ಗ್ರಹಿಸಿದವನಿಗೆ ಅರ್ಧ ರೋಗಗಳು ತಾವೇ ತಿಳಿಯುವುವು.

ವೈದ್ಯಶಾಸ್ತ್ರದಲ್ಲಿ ನಿದಾನವು ಮೊದಲು, ಚಿಕಿತ್ಸೆಯು ಅನಂತರ. ಇಲ್ಲಿಯೂ ಹಾಗೆಯೇ. ಬಿಳಿಯ ಹೊಗೆಯು ಮೋಡದಂತೆ ಹೊರಟು, ಗೇರು ಪೆಟ್ಟಿಗೆಯ ಎಣ್ಣೆಯು ದಿನೇ ದಿನೇ ಇಳಿಯುತ್ತಿದ್ದರೆ, ಎಡಬದಿಯ ಎಣ್ಣೆತಡೆ ಸವೆದು, ಎಂಜಿನು ಗೇರಿನ ಎಣ್ಣೆಯನ್ನೇ ಕುಡಿಯುತ್ತಿದೆಯೆಂದು ತಿಳಿಯಬೇಕು. ಹೊಗೆಯಿಲ್ಲದೆ, ಎಂಜಿನು ಅತಿಯಾಗಿ ಕಾದು, ಕೈಬಿಟ್ಟರೂ ವೇಗವು ಇಳಿಯದೆ ಹೋದರೆ, ಬಲಬದಿಯ ಡೈನಮೋ ಕಡೆಯ ತಡೆಯಿಂದ ಗಾಳಿ ನುಸುಳುತ್ತಿರಬಹುದು. ಇದು ಮೊದಲಿನದಕ್ಕಿಂತ ಅಪಾಯಕರ. ಏಕೆಂದರೆ ಗಾಳಿ ಹೆಚ್ಚಾದಾಗ ತೈಲವು ಸಾಲದೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು, ಓಡುತ್ತಿರುವಾಗಲೇ ಹಿಂದಿನ ಚಕ್ರವು ಬಿಗಿದು ನಿಲ್ಲಬಹುದು. ಏರುದಾರಿಯಲ್ಲಿ ಬಲ ಸಾಲದೆ ಸದ್ದು ಮಂದವಾಗಿದ್ದರೆ, ಸೈಲೆನ್ಸರುಗಳ ಒಳಕೊಳವೆಯಲ್ಲಿ ಮಸಿ ಕಟ್ಟಿದೆಯೇ ಎಂದು ಮೊದಲು ನೋಡತಕ್ಕದ್ದು. ಇದನ್ನು ನೋಡದೆ ಎಂಜಿನನ್ನು ಬಿಚ್ಚಿಸಿ ಸಾವಿರಾರು ರೂಪಾಯಿ ಕಳೆದುಕೊಂಡವರು ಬಹುಮಂದಿ. ಮಸಿಯನ್ನು ತೆಗೆಯಲು ಕೆಲವರು ಕಾಸ್ಟಿಕ್ ಸೋಡದ ದ್ರಾವಣವನ್ನು ಬಳಸುವರು; ಅದು ಚರ್ಮವನ್ನೂ ಕಣ್ಣನ್ನೂ ಸುಡುವುದಲ್ಲದೆ ಅಲ್ಯೂಮಿನಿಯಮ್ಮನ್ನು ತಿಂದುಹಾಕುವುದರಿಂದ, ಉಕ್ಕಿನ ಭಾಗಗಳಿಗೆ ಮಾತ್ರ, ಅದೂ ಮಕ್ಕಳಿಂದ ದೂರದಲ್ಲಿ, ಉಪಯೋಗಿಸಬೇಕು.

ಇನ್ನು ಬಿಡಿಭಾಗಗಳ ವಿಚಾರ. ಮೂಲವಸ್ತು ಸಿಕ್ಕದಿದ್ದಾಗ ಏನು ಮಾಡಬೇಕೆಂಬ ಪ್ರಶ್ನೆಯು ಹೊಸದಲ್ಲ. ಜೈಮಿನಿಯ ಮೀಮಾಂಸಾಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ ವಿಚಾರವು ವಿಸ್ತಾರವಾಗಿ ಬಂದಿದೆ. ಯಾಗಕ್ಕೆ ವಿಹಿತವಾದ ವ್ರೀಹಿಯು ದೊರೆಯದಿದ್ದರೆ ಅದನ್ನು ಹೋಲುವ ನೀವಾರವನ್ನು ತರಬಹುದು. ಹೋಲಿಕೆಯಿಲ್ಲದ ವಸ್ತುವನ್ನು ಮನಬಂದಂತೆ ತರಕೂಡದು. ಹೋಲಿಕೆಯಿದ್ದರೂ ಉದ್ದಿನಂತೆ ಯಾಗಕ್ಕೆ ನಿಷಿದ್ಧವಾದುದು ಪ್ರತಿನಿಧಿಯಾಗಲಾರದು. ಮತ್ತು ದೇವತೆ, ಅಗ್ನಿ, ಮಂತ್ರ ಇವುಗಳಿಗೆ ಪ್ರತಿನಿಧಿಯೇ ಇಲ್ಲ. ಯಜ್ಞಶಾಲೆಯ ಈ ಮೂರು ನಿಯಮಗಳು ಮೋಟಾರು ಶಾಲೆಗೂ ಚೆನ್ನಾಗಿ ಒಪ್ಪುವುವು.

ಮೊದಲನೆಯ ನಿಯಮದಂತೆ, ಗುಣದಲ್ಲಿಯೂ ಅಳತೆಯಲ್ಲಿಯೂ ಹೋಲುವ ಭಾಗವನ್ನು ಧಾರಾಳವಾಗಿ ಬಳಸಬಹುದು. ಬೇರಿಂಗುಗಳೂ ಎಣ್ಣೆತಡೆಗಳೂ ಅಳತೆಯಿಂದ ಮಾರಾಟವಾಗುವ ಸಾಮಾನುಗಳು. ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರೂ ಕೂಡಿಬಂದರೆ ಅದರ ಮೇಲೆ ಜಾವಾ ಎಂಬ ಮುದ್ರೆ ಇಲ್ಲದಿದ್ದರೂ ಚಿಂತೆಯಿಲ್ಲ. ಕಂಚಿನ ಬುಷ್ಷುಗಳನ್ನು ಲೇತು ಹಿಡಿದ ಯಾವ ಒಳ್ಳೆಯ ಕೆಲಸಗಾರನೂ ತಿರುವಿಕೊಡಬಲ್ಲನು. ಕಿಡಿ ಹೊತ್ತಿಸುವ ಹಳೆಯ ಪಾಯಿಂಟುಗಳ ಬದಲಿಗೆ ವಿದ್ಯುನ್ಮಾನ ಸಾಧನವನ್ನು ಹಾಕಿಸುವವರೂ ಉಂಟು. ಇದು ವ್ರೀಹಿಯ ಸ್ಥಾನಕ್ಕೆ ಬಂದ ನೀವಾರ.

ಎರಡನೆಯ ನಿಯಮವು ಕಣ್ಣಿಗೆ ಒಂದೇ ಆಗಿ ಕಂಡು ಗುಣದಲ್ಲಿ ಕೆಟ್ಟದಾದ ನಕಲಿಗೆ ಸಲ್ಲುವುದು. ಹೊಳೆಯುವ ಹೊಸ ಪಿಸ್ಟನ್ ಉಂಗುರವು ಮೆದುವಾದ ಲೋಹದ್ದಾದರೆ ಅಲ್ಪಕಾಲದಲ್ಲಿಯೇ ಸವೆಯುತ್ತದೆ. ರಸೀದಿಯಿಲ್ಲದೆ, ಎಲ್ಲಿಂದ ಬಂದಿತೆಂದು ಹೇಳಲಾರದೆ ಮಾರುವ ಸಾಮಾನು ಅದಕ್ಕಿಂತಲೂ ನಿಷಿದ್ಧ. ಮತ್ತೊಬ್ಬರ ಮನೆಯ ಮುಂದಿನಿಂದ ಕದ್ದ ವಾಹನದ ಅಂಗವನ್ನು ನಮ್ಮ ವಾಹನಕ್ಕೆ ಜೋಡಿಸುವುದು ಜೀರ್ಣೋದ್ಧಾರವಾಗಲಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬ್ರೇಕು, ಟೈರು, ಮುಂಚಕ್ರದ ಅಚ್ಚು, ಹ್ಯಾಂಡಲಿನ ಬುಡ, ಫ್ರೇಮಿನ ಬೆಸುಗೆ, ಇವುಗಳ ವಿಷಯದಲ್ಲಿ ‘ಸದ್ಯಕ್ಕೆ ಸಾಕು’ ಎಂಬ ಮಾತಿಗೆ ಎಡೆಯಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆ ಇರುತ್ತದೆ: ಮೊದಲೆರಡು ಅಂಕಿಗಳು ತಯಾರಾದ ವಾರವನ್ನೂ ಕಡೆಯೆರಡು ವರ್ಷವನ್ನೂ ಸೂಚಿಸುವುವು. ಹೊಲಿಗೆಯ ಗೆರೆಯಷ್ಟೂ ಸವೆಯದಿದ್ದರೂ ಹತ್ತಾರು ವರ್ಷ ನಿಂತ ಟೈರು ಒಳಗೆ ಒಣಗಿ ಬಿರಿದಿರುತ್ತದೆ, ಅದನ್ನು ನಂಬಕೂಡದು. ಮನೆಯ ಯಜಮಾನಿಯು ವೆಚ್ಚದ ಪಟ್ಟಿಯನ್ನು ಕೇಳುವಾಗ, ಬಣ್ಣಕ್ಕೂ ಕ್ರೋಮು ಲೇಪಕ್ಕೂ ಎಷ್ಟೆಂದು ಕೇಳುವ ಮೊದಲು, ಬ್ರೇಕಿಗೂ ಟೈರಿಗೂ ಎಷ್ಟೆಂದು ಕೇಳಲಿ. ಅಲಂಕಾರವು ಕಡೆಯದು, ಪ್ರಾಣರಕ್ಷಣೆಯು ಮೊದಲನೆಯದು.

ಭಾಗಗಳು ಎಲ್ಲಿ ದೊರೆಯುವುವು? ಮೈಸೂರು, ಬೆಂಗಳೂರುಗಳ ಹಳೆಯ ಕಾರ್ಯಾಗಾರಗಳಲ್ಲಿ ಮೊದಲು ವಿಚಾರಿಸಬೇಕು. ಬೆಂಗಳೂರಿನ ಜೆ. ಸಿ. ರಸ್ತೆ, ಚೆನ್ನೈನ ಪುದುಪೇಟೆ, ದಿಲ್ಲಿಯ ಕರೋಲ್ ಬಾಗ್ ಇವು ಮೋಟಾರು ಸಾಮಾನುಗಳಿಗೆ ಹೆಸರಾದ ಸ್ಥಳಗಳು. ಸಣ್ಣ ಊರುಗಳಲ್ಲಿ ಮುಚ್ಚಿಹೋದ ಅಂಗಡಿಗಳ ಅಟ್ಟದ ಮೇಲೆ ಕಾಗದದ ಹೊದಿಕೆಯನ್ನೂ ಬಿಚ್ಚದ ಹಳೆಯ ದಾಸ್ತಾನು ಉಳಿದಿರುವುದುಂಟು. ಚೆಕ್ ದೇಶದಲ್ಲಿ ಇಂದಿಗೂ ಹಳೆಯ ಜಾವಾಗಳಿಗೆ ಹೊಸದಾಗಿ ಭಾಗಗಳು ತಯಾರಾಗುತ್ತಿವೆ. ತರಿಸುವಾಗ ಸಾಗಾಣಿಕೆಯ ಮತ್ತು ಸುಂಕದ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಎಲ್ಲಿಗೆ ಹೋದರೂ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದೇ ಹೋಗತಕ್ಕದ್ದು. ಜಾವಾ, ಯೆಜ್ಡಿ, ರೋಡ್‌ಕಿಂಗ್ ಇವು ಒಂದೇ ಕುಲದವಾದರೂ ಅಣ್ಣನ ಅಂಗಿಯೆಲ್ಲ ತಮ್ಮನಿಗೆ ಒಪ್ಪದು. ರೋಡ್‌ಕಿಂಗ್ ಎಂಜಿನಿನ ಮುಖ್ಯಭಾಗಗಳೇ ಬೇರೆ. ಸಿಲಿಂಡರನ್ನು ಕೊರೆಯಿಸುವುದಾದರೆ ಮೊದಲು ಪಿಸ್ಟನ್ನನ್ನು ಕೊಂಡು, ಅದರ ಅಳತೆಗೆ ತಕ್ಕಂತೆ ಕೊರೆಯಿಸಬೇಕು. ಪಿಸ್ಟನ್ನುಗಳು ೦.೨೫ ಮಿಲಿಮೀಟರಿನ ಹೆಜ್ಜೆಗಳಲ್ಲಿ ದೊಡ್ಡವಾಗುತ್ತ ಹೋಗುವುವು. ಸಿಲಿಂಡರನ್ನು ಕೊರೆಯಿಸಿಬಿಟ್ಟು ಬಳಿಕ ಪಿಸ್ಟನ್ನನ್ನು ಅರಸುವುದು, ಚಪ್ಪರ ಹಾಕಿ ಹೆಣ್ಣು ನೋಡಲು ಹೊರಟಂತೆ.

ಬಿಚ್ಚುವ ಕೆಲಸದಲ್ಲಿ ಮಕ್ಕಳಿಗೂ ಪಾಲು ಕೊಡಬಹುದು. ಒಂದೊಂದು ಭಾಗವನ್ನು ತೆಗೆಯುವ ಮೊದಲು ಅದರ ಛಾಯಾಚಿತ್ರವನ್ನು ತೆಗೆದು, ತಿರುಪು, ವಾಷರುಗಳನ್ನು ಸಾಂಬಾರ ಪೆಟ್ಟಿಗೆಯಂತಹ ಬೇರೆ ಬೇರೆ ಬಟ್ಟಲುಗಳಲ್ಲಿಟ್ಟು ಹೆಸರು ಬರೆಯುವುದು ಅವರಿಗೆ ಒಳ್ಳೆಯ ಪಾಠ. ಆದರೆ ಮೂರು ಎಚ್ಚರಿಕೆಗಳು ಅವಶ್ಯ. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಆಸ್ಬೆಸ್ಟಾಸು ಇರುವ ಸಂಭವವಿರುವುದರಿಂದ ಅದರ ಧೂಳನ್ನು ಊದಬಾರದು. ಒದ್ದೆಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಎಸೆಯಬೇಕು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲವನ್ನು ಹಿಡಿದು ಹರಿದು ಅಡುಗೆಮನೆಯ ಒಲೆಯನ್ನು ಮುಟ್ಟಬಲ್ಲದು; ಕೆಲಸವು ಬಯಲಲ್ಲಿಯೇ ನಡೆಯಲಿ. ತೂತುಬಿದ್ದ ಟ್ಯಾಂಕು ಎಷ್ಟೇ ಖಾಲಿಯಾಗಿ ಕಂಡರೂ, ಒಳಗಿನ ಆವಿಯನ್ನು ಸಂಪೂರ್ಣವಾಗಿ ಕಳೆಯದೆ ಬೆಸುಗೆಗೆ ಒಡ್ಡಿದರೆ ಸಿಡಿಯುವುದು.

ಓಡಿಸತೊಡಗಿದ ಮೇಲೆ ಇಂಧನದ ಕಡೆಗೆ ಗಮನವಿರಬೇಕು. ಹಳೆಯ ಜಾವಾಕ್ಕೆ ೨೫ ಭಾಗ ಪೆಟ್ರೋಲಿಗೆ ೧ ಭಾಗ ತೈಲ, ಎಂದರೆ ಲೀಟರಿಗೆ ೪೦ ಮಿಲಿಲೀಟರು, ರೂಢಿಯಲ್ಲಿರುವ ಪ್ರಮಾಣ. ೨೦೨೫ರಿಂದ ನಮ್ಮ ದೇಶದಲ್ಲಿ ಶೇಕಡ ೨೦ರವರೆಗೆ ಎಥನಾಲು ಬೆರೆಸಿದ ಪೆಟ್ರೋಲು ಎಲ್ಲೆಡೆ ಹರಡಿದೆ. ಎಥನಾಲು ನೀರನ್ನು ಹೀರುವುದು. ಹಳೆಯ ಕಾಲದ ರಬ್ಬರನ್ನು ಉಬ್ಬಿಸುವುದು. ಆದಕಾರಣ ಪೆಟ್ರೋಲಿನ ಕೊಳವೆ, ತಡೆಗಳನ್ನು ಎಥನಾಲು ಸಹಿಸುವ ಹೊಸ ಜಾತಿಯವಕ್ಕೆ ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದುಮಾಡುವುದು ಮೇಲು.

ಕಾಗದಪತ್ರಗಳ ಮಾತನ್ನೂ ಮರೆಯಬಾರದು. ಎಂಜಿನಿನ ಮತ್ತು ಫ್ರೇಮಿನ ಮೇಲೆ ಕೆತ್ತಿದ ಸಂಖ್ಯೆಗಳು ನೋಂದಣಿಪತ್ರದ ಸಂಖ್ಯೆಗಳೊಡನೆ ಕೂಡಿಬರಬೇಕು. ವಾಹನವನ್ನು ಕೊಳ್ಳುವವನು ಹಣ ಎಣಿಸುವ ಮೊದಲು ಇದನ್ನು ನೋಡಲಿ. ಸ್ವಂತ ಉಪಯೋಗದ ವಾಹನದ ನೋಂದಣಿಯು ೧೫ ವರ್ಷಗಳಿಗೆ ಮುಗಿಯುವುದು. ಅನಂತರ ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ೨೦೨೧ರಲ್ಲಿ ಕೇಂದ್ರಸರ್ಕಾರವು ೫೦ ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ ಪ್ರತ್ಯೇಕ ನಿಯಮವನ್ನು ಮಾಡಿ, ಸಂಖ್ಯಾಫಲಕದಲ್ಲಿ ‘ವಿ. ಎ.’ ಎಂಬ ಅಕ್ಷರಗಳನ್ನು ವಿಧಿಸಿತು. ಅಂತಹ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಈ ಕೊನೆಯ ನಿರ್ಬಂಧವು ನ್ಯಾಯವಾದುದೇ. ಎರಡು ಹೊಡೆತದ ಎಂಜಿನು ತೈಲವನ್ನೇ ಉರಿಸಿ ಹೊರಕ್ಕೆ ಬಿಡುವುದರಿಂದ ಅದರ ಹೊಗೆಯು ನೆರೆಯವರ ಎದೆಗೆ ಹಿತವಲ್ಲ. ವಾಹನದ ಮೇಲಿನ ಪ್ರೀತಿಯು ಬೀದಿಯ ಮಕ್ಕಳ ಉಸಿರಿಗೆ ಭಾರವಾಗಬಾರದು. ದಿನವೂ ಕಚೇರಿಗೆ ಹೋಗಲು ಬೇರೆ ವಾಹನಗಳಿವೆ. ಇದು ಹಬ್ಬದ ರೇಷ್ಮೆಯ ಸೀರೆಯಂತೆ ಆಗಾಗ ತೆಗೆದು ಉಡತಕ್ಕ ವಸ್ತು.

ಹಾಗಾದರೆ ಪ್ರಾರಂಭದ ಪ್ರಶ್ನೆಗೆ ಉತ್ತರವೇನು? ಫ್ರೇಮು ಗಟ್ಟಿಯಾಗಿ, ಕಾಗದಗಳು ಸರಿಯಾಗಿ, ಮನೆಯ ಅವಶ್ಯಕವಾದ ಖರ್ಚುಗಳಿಗೆ ಕೊರತೆಯಾಗದೆ ಹಣವು ಮಿಗುವುದಾದರೆ ಉದ್ಧರಿಸಬಹುದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ, ತಕ್ಕವರಿಗೆ ಒಪ್ಪಿಸಿಬಿಡುವುದು ವಿವೇಕ. ಒಂದು ವಾಹನದ ಅಂಗಗಳು ಇನ್ನೊಂದನ್ನು ಬದುಕಿಸಿದರೆ ಅದೂ ಸಾರ್ಥಕವೇ. ಆದರೆ ಯಾವುದನ್ನು ಮಾಡುವುದಾದರೂ, ನಿಮ್ಮ ಊರಿನಲ್ಲಿ ಈ ಯಂತ್ರವನ್ನು ಕಿವಿಯಿಂದಲೇ ಪರೀಕ್ಷಿಸಬಲ್ಲ ವೃದ್ಧ ಕೆಲಸಗಾರನೊಬ್ಬನು ಇದ್ದರೆ, ಮನೆಯ ಹುಡುಗನನ್ನೋ ಹುಡುಗಿಯನ್ನೋ ಕೆಲವು ಭಾನುವಾರ ಅವನ ಬಳಿಗೆ ಕಳುಹಿಸಿರಿ. ಪಿಸ್ಟನ್ನನ್ನು ಚೆಕ್ ದೇಶದಿಂದಲಾದರೂ ತರಿಸಿಕೊಳ್ಳಬಹುದು. ಆ ವೃದ್ಧನ ಕೈಯಲ್ಲಿರುವ ವಿದ್ಯೆಯನ್ನು ತರಿಸಿಕೊಳ್ಳಲು ಯಾವ ದೇಶದಲ್ಲಿಯೂ ಅಂಗಡಿಯಿಲ್ಲ; ಅದಕ್ಕೆ ಪ್ರತಿನಿಧಿಯೂ ಇಲ್ಲ.