ನೀರು ಸುರಿಯುವ ಗಡಿಯಾರ

ನಿದ್ದೆಗೂ ಮನುಷ್ಯನಿಗೂ ನಡೆದಿರುವ ವ್ಯಾಜ್ಯ ಬಹು ಹಳೆಯದು. ಕೋಳಿಯ ಕೂಗೇ ತೀರ್ಪಾಗಿದ್ದ ಕಾಲದಲ್ಲಿ ಅದು ಅಷ್ಟೊಂದು ಬೆಳೆದಿರಲಿಲ್ಲ. ಗಂಟೆ ಬಾರಿಸುವ ಗಡಿಯಾರ ಬಂದ ಮೇಲೆ, ಮಲಗಿದಲ್ಲಿಂದಲೇ ಕೈ ಚಾಚಿ ಅದರ ಬಾಯಿ ಮುಚ್ಚಿಸಿ ಮಗ್ಗುಲು ಬದಲಿಸುವ ವಿದ್ಯೆಯನ್ನು ಮನುಷ್ಯ ಕಲಿತನು. ಈ ವಿದ್ಯೆಗೆ ಪ್ರತಿವಿದ್ಯೆ ಹುಡುಕಹೊರಟವರ ಕಥೆ ಸ್ವಾರಸ್ಯವಾದುದು.

1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಒಂದು ಮಂಚವಿತ್ತು. ಗೊತ್ತಾದ ಹೊತ್ತಿಗೆ ಅದು ತಾನೇ ವಾಲಿ, ಮಲಗಿದ ಮಹನೀಯನನ್ನು ನೆಲಕ್ಕಿಳಿಸುತ್ತಿತ್ತು. ಒಂದೂವರೆ ಶತಮಾನದ ಬಳಿಕ ಅಮೆರಿಕೆಯಲ್ಲಿ ಗೌರಿ ನಂದಾ ಎಂಬ ವಿದ್ಯಾರ್ಥಿನಿ ಗಡಿಯಾರಕ್ಕೆ ಗಾಲಿಗಳನ್ನು ಜೋಡಿಸಿದರು. 'ಕ್ಲಾಕಿ' ಎಂಬ ಆ ಗಡಿಯಾರ ಮೇಜಿನಿಂದ ಧುಮುಕಿ, ಓಡಿ, ಎಲ್ಲಿಯಾದರೂ ಅವಿತುಕೊಂಡು ಕೂಗುತ್ತದೆ. ಅದನ್ನು ಹಿಡಿಯುವಷ್ಟರಲ್ಲಿ ನಿದ್ದೆ ಹಾರಿಹೋಗಿರುತ್ತದೆ. 2005ರಲ್ಲಿ ಇದಕ್ಕೆ ಇಗ್ನೊಬೆಲ್ ಪುರಸ್ಕಾರ ದೊರೆಯಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಗಳಿಗೆ ಸಲ್ಲುವ ಬಹುಮಾನವದು. ಕೊಟ್ಟದ್ದು ಯಾವ ಶಾಸ್ತ್ರದಲ್ಲಿ ಎನ್ನುವಿರಿ? ಅರ್ಥಶಾಸ್ತ್ರದಲ್ಲಿ!

ಇಂಥ ಜಾಣ್ಮೆಗೆ ಸಮುದ್ರ ದಾಟಬೇಕಾಗಿಲ್ಲ. ಪಂಪನ ಹುಟ್ಟೂರೆಂದು ಹೆಸರಾದ ಅಣ್ಣಿಗೇರಿಯ ರೈತ ಅಬ್ದುಲ್ ಖಾದರ್ ನಡಕಟ್ಟಿನ ಅವರು ಎಳೆಯ ವಯಸ್ಸಿನಲ್ಲಿ ಬೆಳಿಗ್ಗೆ ಏಳಲಾರದವರಾಗಿದ್ದರಂತೆ. ಗಂಟೆ ಬಾರಿಸುವಾಗ ಗಡಿಯಾರದ ಕೀಲಿ ತಿರುಗುವುದನ್ನು ಅವರು ಕಂಡರು. ಕೀಲಿಗೊಂದು ದಾರ ಕಟ್ಟಿದರು. ದಾರದ ಇನ್ನೊಂದು ತುದಿಯನ್ನು ನೀರು ತುಂಬಿದ ಸೀಸೆಗೆ ಬಿಗಿದರು. ಕೀಲಿ ತಿರುಗಿದಂತೆ ದಾರ ಸುತ್ತಿಕೊಳ್ಳುವುದು, ಸೀಸೆ ವಾಲುವುದು, ಮುಖದ ಮೇಲೆ ಅಭಿಷೇಕವಾಗುವುದು! ಲಂಡನ್ನಿನ ಮಂಚಕ್ಕೆ ಬಡಗಿ ಬೇಕು, ಕಮ್ಮಾರ ಬೇಕು. ಅಣ್ಣಿಗೇರಿಯ ಉಪಾಯಕ್ಕೆ ಬೇಕಾದದ್ದು ಒಂದು ಮೊಳ ದಾರ ಮತ್ತು ತನ್ನ ಮುಖವನ್ನೇ ಒಡ್ಡುವ ಧೈರ್ಯ.

ಕೇಳಿದವರು ನಗದೆ ಇರಲಾರರು. ಆದರೆ ಆ ಕೈ ಅಲ್ಲಿಗೇ ನಿಲ್ಲಲಿಲ್ಲ. ನೀರಿನ ಬರವಿದ್ದ ಹೊಲದಲ್ಲಿ ಅವರು ಹುಣಸೆ ಬೆಳೆದರು. ಹಣ್ಣು ಬಂದಾಗ ಬೀಜ ಬಿಡಿಸುವುದೇ ದೊಡ್ಡ ದುಡಿಮೆಯಾಯಿತು. ಅದಕ್ಕೊಂದು ಯಂತ್ರ ಹುಟ್ಟಿತು. ಬೀಜದೊಡನೆ ಗೊಬ್ಬರವನ್ನೂ ಸಾಲಿಗೆ ಬೀಳಿಸುವ, ಟ್ರ್ಯಾಕ್ಟರಿಗೆ ಕಟ್ಟುವ ಅವರ ಬಿತ್ತನೆಯ ಸಾಧನ 'ನಡಕಟ್ಟಿನ ಕೂರಿಗೆ' ಎಂದೇ ಪ್ರಸಿದ್ಧವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಕೂರಿಗೆಯೆಂದರೆ ಕರ್ಜಗಿಯ ಸುತ್ತಣ ಒಕ್ಕಲಿಗರಿಗೆ ಹೊಸತೇನಲ್ಲ. ಮರದ ಬಟ್ಟಲು, ಅದಕ್ಕೆ ಪೋಣಿಸಿದ ಬಿದಿರಿನ ಕೊಳವೆಗಳು, ಮೇಲಿಂದ ಕಾಳು ಬಿಡುವ ಕೈ, ಮುಂದೆ ಎತ್ತುಗಳು. ಇಂದು ಅದನ್ನು ನೋಡಿ ಯಾರೂ ನಗುವುದಿಲ್ಲ. ಆದರೆ ಕಾಳನ್ನು ಕೈಯಿಂದ ಎರಚುತ್ತಿದ್ದ ಊರಿನಲ್ಲಿ ಮೊದಲ ಬಾರಿಗೆ ಬಿದಿರಿನ ಕೊಳವೆ ಹಿಡಿದು ಹೊಲಕ್ಕಿಳಿದವನನ್ನು ನೆರೆಯವರು ಸುಮ್ಮನೆ ಬಿಟ್ಟಿದ್ದರೆ? ಬೆಳೆ ಸಾಲಾಗಿ ಮೊಳೆತ ಮೇಲೆಯೇ ನಗೆ ನಿಂತಿರಬೇಕು. ನಗೆಯೆಂಬುದು ಹೊಸ ಸಾಧನಕ್ಕೆ ಊರು ಒಡ್ಡುವ ಮೊದಲ ಪರೀಕ್ಷೆ. ಅದರಲ್ಲಿ ತಪ್ಪೇನೂ ಇಲ್ಲ.

ಚಿಂತೆ ಇರುವುದು ಯಾರೂ ನಗದ ಯಂತ್ರಗಳ ವಿಷಯದಲ್ಲಿ. ಕರ್ಜಗಿಗೆ ನೆರೆಯಾದ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು, ಆ ಕಡೆಯ ಮಾತಿನಲ್ಲಿ ತುಂಬು, ಬಿಡಿಸುವುದು ಹೆಣ್ಣುಮಕ್ಕಳ ಕೂಲಿ. ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಲೋಕ ಹೊಗಳುವ ಕಾಯಿಯೇ ಆದರೂ ದಿನವಿಡೀ ಬಿಡಿಸುವ ಬೆರಳಿಗೆ ಉರಿ ತಪ್ಪದು. ಈ ಕೆಲಸಕ್ಕೂ ಯಂತ್ರಗಳು ಹುಟ್ಟಿವೆ. ಅವು ಬೆರಳಿನ ಉರಿಯನ್ನು ತಪ್ಪಿಸುತ್ತವೆ. ಅದರೊಡನೆ ಸಂಜೆಯ ಕೂಲಿಯನ್ನೂ ತಪ್ಪಿಸಿದರೆ? ಆ ಯಂತ್ರ ನೋಡಲು ವಿಚಿತ್ರವಾಗಿರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಬಹಳ ಗಂಭೀರವಾಗಿಯೇ ಕಾಣುತ್ತದೆ.

ಹಾಗೆಂದು ಯಂತ್ರವೇ ಬೇಡವೆನ್ನಲಾಗದು. ಉರಿಯುವ ಬೆರಳು ಪುಣ್ಯದ ವಸ್ತುವೇನಲ್ಲ. ಆದರೆ ಹೊಸ ಸಾಧನವೊಂದು ಊರಿಗೆ ಬಂದಾಗ ಅದು ಎಷ್ಟು ವಿಚಿತ್ರ ಎಂಬುದಕ್ಕಿಂತ, ಅದರ ಸೀಸೆ ಯಾರ ಮುಖದ ಮೇಲೆ ವಾಲುತ್ತದೆ ಎಂದು ಕೇಳುವುದು ಮೇಲು. ಅಣ್ಣಿಗೇರಿಯ ಹುಡುಗ ನೀರು ಸುರಿದುಕೊಂಡದ್ದು ತನ್ನ ಮುಖಕ್ಕೇ.