ಕೌದಿ ಹೊಲಿಯುವ ಯಂತ್ರದಲ್ಲಿ ದಾರ ತುಂಡಾಗುವಿಕೆ: ಕಾರಣ, ಪರಿಶೀಲನೆ ಮತ್ತು ಪರಿಹಾರ

(ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

ಸ್ವಸಹಾಯ ಸಂಘಗಳ ಹೊಲಿಗೆ ಕೇಂದ್ರಗಳಿಗೆ ಭೇಟಿ ನೀಡುವ ಸದಸ್ಯರು ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಹೊಲಿಗೆ ಯಂತ್ರವನ್ನು ಕಂಡಿರಬಹುದು. ವಿಚಾರಿಸಿದರೆ, “ಇದರಲ್ಲಿ ರವಿಕೆ ಹೊಲಿಯಬಹುದು, ಕೌದಿ ಹಾಕಿದರೆ ದಾರ ನಿಲ್ಲುವುದಿಲ್ಲ” ಎಂಬ ಉತ್ತರ ಬರುತ್ತದೆ. ದುರಸ್ತಿಗಾರರನ್ನು ಕರೆಸಿದರೆ ಅವರು ಒಂದು ತುಂಡು ತೆಳು ಬಟ್ಟೆಯ ಮೇಲೆ ಹೊಲಿದು ನೋಡಿ, ಯಂತ್ರ ಸರಿಯಾಗಿದೆ ಎಂದು ಹೇಳಿ ಹೋಗುತ್ತಾರೆ. ಮರುದಿನ ಮತ್ತೆ ಅದೇ ತೊಂದರೆ. ಕೊನೆಗೆ ಯಂತ್ರ ನಿರುಪಯುಕ್ತವೆಂದು ತೀರ್ಮಾನವಾಗಿ, ಹೊಸ ಯಂತ್ರದ ಬೇಡಿಕೆ ಪಂಚಾಯತಿಯ ಸಭೆಗೆ ಬರುತ್ತದೆ.

ಈ ಬೇಡಿಕೆಗಳಲ್ಲಿ ಹೆಚ್ಚಿನವನ್ನು ಹೊಸ ಯಂತ್ರವಿಲ್ಲದೆಯೇ ಈಡೇರಿಸಬಹುದು. ಕೌದಿ ಹೊಲಿಯುವಾಗ ದಾರ ತುಂಡಾಗುವುದಕ್ಕೆ ಯಂತ್ರದ ದೋಷಕ್ಕಿಂತ ಸೂಜಿ, ದಾರ, ಪೋಣಿಸುವ ಕ್ರಮ, ಕಸ ಮತ್ತು ಬಟ್ಟೆಯ ಭಾರ ಇವೇ ಸಾಮಾನ್ಯವಾಗಿ ಕಾರಣ. ಕಡಿಮೆ ಖರ್ಚಿನ ಪರಿಶೀಲನೆಯಿಂದ ಆರಂಭಿಸಿ ಹಂತಹಂತವಾಗಿ ಸಾಗಿದರೆ ಕೇಂದ್ರದ ಮಹಿಳೆಯರೇ ದೋಷವನ್ನು ಪತ್ತೆ ಹಚ್ಚಬಲ್ಲರು.

ಕೌದಿಯ ಹೊಲಿಗೆ ಏಕೆ ಬೇರೆ?

ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಜೋಡಿಸಿ ಕೌದಿ ಹೊಲಿಯುವುದು ಮನೆಮನೆಯ ರೂಢಿ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಮಹಿಳೆಯರ ಕವಂದಿಯೂ ಇದೇ ಬಗೆಯದು. ಇವು ಮೂಲತಃ ಕೈಸೂಜಿಯ ಕೆಲಸ. ಕೈಹೊಲಿಗೆಯಲ್ಲಿ ಪದರ ದಪ್ಪವೆನಿಸಿದರೆ ಬೆರಳು ತಾನಾಗಿ ನಿಧಾನಿಸುತ್ತದೆ, ಯಂತ್ರ ನಿಧಾನಿಸುವುದಿಲ್ಲ.

ಯಂತ್ರದಲ್ಲಿ ದಾರದ ಒಂದೇ ಭಾಗವು ಹೊಲಿಗೆಯಾಗಿ ಕೂರುವ ಮೊದಲು ಸೂಜಿಯ ಕಣ್ಣಿನಲ್ಲಿ ಅನೇಕ ಸಲ ಹಿಂದೆ ಮುಂದೆ ಸರಿದಾಡುತ್ತದೆ. ಎರಡು ಪದರದ ರವಿಕೆಯಲ್ಲಿ ಈ ತಿಕ್ಕಾಟವನ್ನು ದಾರ ತಾಳಿಕೊಳ್ಳುತ್ತದೆ. ಹಲವು ಪದರಗಳ ಕೌದಿಯಲ್ಲಿ ತಿಕ್ಕಾಟವೂ ಎಳೆತವೂ ಹೆಚ್ಚುವುದರಿಂದ ರವಿಕೆಯಲ್ಲಿ ಮರೆಯಾಗಿದ್ದ ಸಣ್ಣ ದೋಷ ಇಲ್ಲಿ ಬಯಲಾಗುತ್ತದೆ. ಆದುದರಿಂದ ಯಾವುದೇ ಪರೀಕ್ಷೆಯನ್ನು ಕೌದಿಯಷ್ಟೇ ಪದರಗಳಿರುವ ತುಂಡಿನ ಮೇಲೆ ಮಾಡತಕ್ಕದ್ದು.

ತುಂಡಾದ ತುದಿಯನ್ನು ಮೊದಲು ನೋಡಿರಿ

ದಾರ ಕಡಿದೊಡನೆ ಮತ್ತೆ ಪೋಣಿಸುವ ಆತುರ ಸಹಜ. ಅದಕ್ಕೆ ಮೊದಲು ಕಡಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು.

• ತುದಿ ಎಳೆಎಳೆಯಾಗಿ ಬಿಚ್ಚಿಕೊಂಡಿದ್ದರೆ ದಾರ ಎಲ್ಲಿಯೋ ಉಜ್ಜುತ್ತಿದೆ. ಸೂಜಿ ಸಣ್ಣದಾಗಿರಬಹುದು, ಅಥವಾ ದಾರದ ಹಾದಿಯಲ್ಲಿ ಗೀರು ಇರಬಹುದು.
• ತುದಿ ಕತ್ತರಿಸಿದಂತೆ ನೇರವಾಗಿದ್ದರೆ ಬಿಗಿತ ಹೆಚ್ಚಾಗಿದೆ, ಅಥವಾ ದಾರ ಎಲ್ಲಿಯೋ ಸಿಕ್ಕಿಕೊಂಡಿದೆ.
• ಪಾಲಿಯೆಸ್ಟರ್ ದಾರದ ತುದಿಯಲ್ಲಿ ಕರಗಿದ ಸಣ್ಣ ಗಂಟು ಕಂಡರೆ ಸೂಜಿ ಅತಿಯಾಗಿ ಕಾಯುತ್ತಿದೆ. ಮೋಟಾರಿನಿಂದ ವೇಗವಾಗಿ ಹೊಲಿಯುವಲ್ಲಿ ಹೀಗಾಗುತ್ತದೆ, ವೇಗ ತಗ್ಗಿಸಬೇಕು.

ಪರಿಶೀಲನೆಯ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹೊಲಿದು ನೋಡಿ, ಅನಂತರ ಮುಂದಿನದಕ್ಕೆ ಹೋಗಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಕಾರಣ ಯಾವುದೆಂದು ತಿಳಿಯುವುದಿಲ್ಲ.

1. ಪೋಣಿಸುವ ಕ್ರಮ. ಮೇಲಿನ ದಾರವನ್ನು ಪೂರ್ತಿ ತೆಗೆದು, ಬಟ್ಟೆಯನ್ನು ಒತ್ತುವ ಪಾದವನ್ನು ಮೇಲೆತ್ತಿ, ಮತ್ತೆ ಪೋಣಿಸಬೇಕು. ಪಾದ ಮೇಲಿದ್ದಾಗ ಮಾತ್ರ ಟೆನ್ಷನ್ ಬಿಲ್ಲೆಗಳು ತೆರೆದುಕೊಂಡು ದಾರ ಅವುಗಳ ನಡುವೆ ಕೂರುತ್ತದೆ. ಪಾದ ಕೆಳಗಿದ್ದಾಗ ಪೋಣಿಸಿದರೆ ಬಟ್ಟೆಯ ಅಡಿಯಲ್ಲಿ ದಾರ ಗೂಡುಕಟ್ಟಿ, ಸಿಕ್ಕಿಕೊಂಡು ಕಡಿಯುತ್ತದೆ. ಮೇಲೆ ಕೆಳಗೆ ಆಡುವ ಲಿವರಿನ ಕಣ್ಣು ತಪ್ಪಿಹೋಗಿಲ್ಲವೆಂದು ನೋಡಬೇಕು. ರೀಲಿನ ಅಂಚಿನ ಸೀಳಿನಲ್ಲಿ ದಾರ ಸಿಕ್ಕಿಕೊಳ್ಳುತ್ತಿದ್ದರೆ ರೀಲನ್ನು ತಲೆಕೆಳಗು ಮಾಡಿ ಇಡಬೇಕು.

2. ಸೂಜಿ. ಡೊಂಕಾದ, ಮೊಂಡಾದ ಸೂಜಿ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಸಂಶಯವಿದ್ದರೆ ಬದಲಿಸುವುದೇ ಸರಿ. ರವಿಕೆಗೆ ಒಗ್ಗುವ 14ನೆಯ ಸಂಖ್ಯೆಯ ಸೂಜಿ ಕೌದಿಗೆ ಸಾಲದು. ಪದರಗಳಿಗೆ ತಕ್ಕಂತೆ 16 ಅಥವಾ 18ನೆಯ ಸಂಖ್ಯೆಯದು ಬೇಕು. ಸೂಜಿಯನ್ನು ಕೊನೆಯವರೆಗೆ ಮೇಲಕ್ಕೆ ಸೇರಿಸಿ ತಿರುಪು ಬಿಗಿಯಬೇಕು. ಸೂಜಿಯ ಉದ್ದನೆಯ ಕಾಲುವೆ ಇರುವ ಕಡೆಯಿಂದಲೇ ದಾರ ಕಣ್ಣಿನೊಳಗೆ ಹೋಗತಕ್ಕದ್ದು. ಒಂದು ಸುಲಭ ಪರೀಕ್ಷೆ: ಒಂದು ಗೇಣು ದಾರವನ್ನು ಬಿಡಿ ಸೂಜಿಗೆ ಪೋಣಿಸಿ ಓರೆಯಾಗಿ ಬಿಗಿ ಹಿಡಿದರೆ ಸೂಜಿ ತಾನಾಗಿ ಜಾರಬೇಕು. ಜಾರದಿದ್ದರೆ ಆ ದಾರಕ್ಕೆ ಆ ಸೂಜಿಯ ಕಣ್ಣು ಸಣ್ಣದು.

3. ದಾರ. ಬಿಸಿಲಿಗೂ ತೇವಕ್ಕೂ ಒಡ್ಡಿಕೊಂಡ ಹಳೆಯ ದಾರ ನೋಡಲು ಚೆನ್ನಾಗಿದ್ದರೂ ಬಲ ಕಳೆದುಕೊಂಡಿರುತ್ತದೆ. ಎರಡು ಕೈಯಲ್ಲಿ ಹಿಡಿದು ಜಗ್ಗಿದರೆ ಸಲೀಸಾಗಿ ಕಡಿಯುವ ದಾರವನ್ನು ಯಂತ್ರಕ್ಕೆ ಹಾಕಬಾರದು. ಅಲ್ಲಲ್ಲಿ ದಪ್ಪ ತೆಳುವಾಗಿರುವ, ಗಂಟುಗಳಿರುವ ದಾರವೂ ಕೌದಿಗೆ ಯೋಗ್ಯವಲ್ಲ.

4. ಬಾಬಿನ್ ಮತ್ತು ಕಸ. ಹಳೆಯ ಬಟ್ಟೆಯಿಂದ ನೂಲಿನ ಧೂಳು ವಿಪರೀತ ಉದುರುತ್ತದೆ. ಅದು ಬಾಬಿನ್ ಕೇಸ್, ಶಟಲ್ ಮತ್ತು ಬಟ್ಟೆ ಸರಿಸುವ ಹಲ್ಲುಗಳ ನಡುವೆ ತುಂಬಿಕೊಳ್ಳುತ್ತದೆ. ಪ್ರತಿದಿನ ಕೆಲಸ ಮುಗಿದ ಮೇಲೆ ಸಣ್ಣ ಬ್ರಷ್‌ನಿಂದ ತೆಗೆಯಬೇಕು. ಬಾಯಿಂದ ಊದಿದರೆ ಉಸಿರಿನ ತೇವದಿಂದ ತುಕ್ಕು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನೇ ಹನಿಹನಿಯಾಗಿ ಬಿಡಬೇಕು. ಕೊಬ್ಬರಿ ಎಣ್ಣೆ ಮತ್ತು ಅಡುಗೆ ಎಣ್ಣೆ ಕ್ರಮೇಣ ಅಂಟಾಗಿ ಕಸವನ್ನು ಹಿಡಿದುಕೊಳ್ಳುತ್ತವೆ. ಬಾಬಿನ್‌ಗೆ ದಾರವನ್ನು ಸಮನಾಗಿ ಸುತ್ತಬೇಕು, ಅಂಚು ಮೀರಿ ತುಂಬಬಾರದು. ಬೇರೆ ಯಂತ್ರದ ಬಾಬಿನ್ ಬಳಸಬಾರದು.

5. ಬಿಗಿತ. ಮೇಲಿನ ದಾರವೂ ಕೆಳಗಿನ ದಾರವೂ ಪದರಗಳ ನಡುವೆ ಕೂಡಿಕೊಂಡರೆ ಬಿಗಿತ ಸರಿಯಾಗಿದೆ. ಬಾಬಿನ್ ದಾರ ಮೇಲ್ಮುಖದಲ್ಲಿ ಚುಕ್ಕಿಚುಕ್ಕಿಯಾಗಿ ಕಂಡರೆ ಮೇಲಿನ ಬಿಗಿತ ಹೆಚ್ಚಾಗಿದೆ. ಸ್ವಲ್ಪ ಸ್ವಲ್ಪವೇ ಸಡಿಲಿಸಿ ಪ್ರತಿ ಸಲವೂ ಹೊಲಿದು ನೋಡಬೇಕು. ಮೊದಲ ಮೂರು ಹಂತಗಳನ್ನು ಮುಗಿಸದೆ ಟೆನ್ಷನ್ ತಿರುಪಿಗೆ ಕೈ ಹಾಕಬಾರದು. ಅನೇಕ ಯಂತ್ರಗಳು ಕೆಡುವುದು ಈ ಆತುರದಿಂದಲೇ. ಹೊಲಿಗೆಯನ್ನು ತೀರ ಚಿಕ್ಕದಾಗಿ ಇಡದೆ 3ರಿಂದ 4 ಮಿಲಿಮೀಟರ್ ಉದ್ದಕ್ಕೆ ಇಟ್ಟರೆ ದಾರಕ್ಕೆ ಶ್ರಮ ಕಡಿಮೆ.

6. ಕೌದಿಯ ಭಾರ ಮತ್ತು ಹೊಲಿಯುವ ರೀತಿ. ಮೇಜಿನಿಂದ ಕೆಳಗೆ ಜೋತುಬಿದ್ದ ಕೌದಿಯು ತನ್ನ ಭಾರದಿಂದಲೇ ಸೂಜಿಯನ್ನು ಬಗ್ಗಿಸುತ್ತದೆ. ಬಗ್ಗಿದ ಸೂಜಿ ತಟ್ಟೆಗೆ ತಗುಲಿ ದಾರವನ್ನು ಕಡಿಯುತ್ತದೆ, ಕೆಲವೊಮ್ಮೆ ತಾನೇ ಮುರಿಯುತ್ತದೆ. ಯಂತ್ರದ ಎಡಕ್ಕೂ ಹಿಂದಕ್ಕೂ ಅದೇ ಎತ್ತರದ ಮೇಜು ಅಥವಾ ಮಂಚವನ್ನಿಟ್ಟು ಭಾರವನ್ನು ಹೊರಿಸಬೇಕು; ಅಥವಾ ಇನ್ನೊಬ್ಬರು ಹಿಡಿದುಕೊಳ್ಳಬೇಕು. ಪದರಗಳಿಗೆ ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಹೊಲಿಯಬೇಕು. ಬಟ್ಟೆಯನ್ನು ಹಿಂದಿನಿಂದ ಜಗ್ಗಬಾರದು. ಹಳೆಯ ಸೀರೆಯ ಜರಿ ಅಂಚು, ಗುಂಡಿ, ಹುಕ್ಕು, ಪಿನ್ನುಗಳನ್ನು ಮೊದಲೇ ತೆಗೆಯಬೇಕು. ಕಾಲಿನಿಂದ ತುಳಿಯುವ ಯಂತ್ರದಲ್ಲಿ ಕೈಚಕ್ರ ಹೊಲಿಯುವವರ ಕಡೆಗೇ ತಿರುಗಬೇಕು. ಹಿಮ್ಮುಖವಾಗಿ ತಿರುಗಿದರೆ ದಾರ ಸಿಕ್ಕಾಗಿ ಕಡಿಯುತ್ತದೆ. ಹೊಸದಾಗಿ ಕಲಿಯುವವರಲ್ಲಿ ಇದು ಸಾಮಾನ್ಯ.

7. ಗೀರು. ಮೇಲಿನ ಆರೂ ಸರಿಯಿದ್ದು ದಾರ ಎಳೆಎಳೆಯಾಗಿಯೇ ಕಡಿಯುತ್ತಿದ್ದರೆ, ಹಿಂದೊಮ್ಮೆ ಸೂಜಿ ತಗುಲಿ ತಟ್ಟೆಯ ರಂಧ್ರದಲ್ಲಿ ಅಥವಾ ಶಟಲ್ ತುದಿಯಲ್ಲಿ ಗೀರು ಬಿದ್ದಿರಬಹುದು. ಚಿಟಿಕೆ ಹತ್ತಿಯನ್ನು ಅಲ್ಲಿ ಮೆಲ್ಲಗೆ ಸವರಿದರೆ ಎಳೆ ಸಿಕ್ಕಿಕೊಂಡ ಜಾಗವೇ ದೋಷದ ಜಾಗ. ಇದನ್ನು ನುಣುಪು ಮಾಡುವುದು ಅಥವಾ ಬಿಡಿಭಾಗ ಬದಲಿಸುವುದು ದುರಸ್ತಿಗಾರರ ಕೆಲಸ. ಅವರನ್ನು ಕರೆಸಬೇಕಾದ ಹಂತ ಇದು. ಆಗಲೂ ಅವರ ಮುಂದೆ ಕೌದಿಯ ತುಂಡನ್ನೇ ಇಟ್ಟು ಹೊಲಿದು ತೋರಿಸುವಂತೆ ಕೇಳಬೇಕು.

ಸದಸ್ಯರು ಮಾಡಬಹುದಾದದ್ದು

ಕೌದಿಯನ್ನು ಸಾಮಾನ್ಯವಾಗಿ ಎಣಿಕೆಯ ಲೆಕ್ಕದಲ್ಲಿ ಹೊಲಿದು ಕೊಡಲಾಗುತ್ತದೆ. ದಾರ ಕಡಿದಾಗಲೆಲ್ಲ ಹೊಲಿಗೆ ಬಿಚ್ಚಿ ಮತ್ತೆ ಹಾಕುವ ವೇಳೆಗೆ ಕೂಲಿಯಿಲ್ಲ. ಸರಿಯಾಗಿ ಕೂಡಿಸದೆ ಬಿಟ್ಟ ಸಾಲು ಒಗೆತಕ್ಕೆ ಬಿಚ್ಚಿಕೊಂಡರೆ ಆ ಗುಂಪಿಗೆ ಮುಂದಿನ ಬೇಡಿಕೆಯೂ ತಪ್ಪುತ್ತದೆ. ಯಂತ್ರ ಮೂಲೆ ಸೇರಿದರೆ ಮೊದಲು ನಷ್ಟವಾಗುವುದು ಅದನ್ನು ನಂಬಿಕೊಂಡ ಮಹಿಳೆಗೆ, ಅನಂತರ ಸಾರ್ವಜನಿಕ ಹಣಕ್ಕೆ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಸೇರಿದೆ. ಅದರಡಿ ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವಿದ್ದು, ಅರ್ಜಿಗಳ ಮೊದಲ ಹಂತದ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯತಿ ಮಟ್ಟದಲ್ಲಿಯೇ. ಯಂತ್ರ ದೊರೆತ ಮೇಲೂ ಅದು ನಡೆಯುತ್ತಿದೆಯೇ ಎಂದು ವಿಚಾರಿಸುವುದು ಆ ಹೊಣೆಯ ಮುಂದುವರಿಕೆಯೇ ಆಗಿದೆ. ಆದುದರಿಂದ ಸದಸ್ಯರು ಈ ಕೆಳಕಂಡವುಗಳನ್ನು ಗಮನಿಸುವಂತೆ ಕೋರಲಾಗಿದೆ.

• ಯಂತ್ರ ಖರೀದಿಯ ಪ್ರಸ್ತಾವನೆಯಲ್ಲಿ 16 ಮತ್ತು 18ನೆಯ ಸಂಖ್ಯೆಯ ಸೂಜಿ, ಹೆಚ್ಚುವರಿ ಬಾಬಿನ್, ಬ್ರಷ್ ಮತ್ತು ಯಂತ್ರದ ಎಣ್ಣೆ ಸೇರಿರುವುದನ್ನು ಖಚಿತಪಡಿಸಿಕೊಳ್ಳುವುದು.
• ತರಬೇತಿಯಲ್ಲಿ ಹೊಲಿಗೆಯ ಜೊತೆಗೆ ಯಂತ್ರ ಬಿಚ್ಚಿ ಶುಚಿಗೊಳಿಸುವ ಮತ್ತು ದೋಷ ಹುಡುಕುವ ಪಾಠಕ್ಕೂ ಸಮಯ ಮೀಸಲಿಡುವಂತೆ ತಿಳಿಸುವುದು.
• ಸಂಜೀವಿನಿ ಒಕ್ಕೂಟದ ಸಭೆಯಲ್ಲಿ ಈ ಪರಿಶೀಲನಾ ಕ್ರಮವನ್ನು ಓದಿಸಿ, ಅದರ ಪ್ರತಿಯನ್ನು ಪ್ರತಿ ಕೇಂದ್ರದ ಗೋಡೆಗೆ ಅಂಟಿಸುವುದು.
• ಪ್ರತಿ ಯಂತ್ರಕ್ಕೆ ಒಂದು ಸಣ್ಣ ವಹಿ ಇಡಿಸಿ, ಸೂಜಿ ಬದಲಿಸಿದ, ಎಣ್ಣೆ ಹಾಕಿದ ಮತ್ತು ದುರಸ್ತಿ ಮಾಡಿಸಿದ ದಿನಾಂಕಗಳನ್ನು ಬರೆಯಿಸುವುದು.
• ಹೊಸ ಯಂತ್ರದ ಅಥವಾ ದುರಸ್ತಿಯ ಬೇಡಿಕೆ ಸಭೆಗೆ ಬಂದಾಗ, ಮೇಲಿನ ಪರಿಶೀಲನೆ ಮುಗಿದಿದೆಯೇ ಎಂದು ಕೇಳುವುದು. ಮುಗಿದಿದ್ದು ದೋಷ ಉಳಿದಿದ್ದರೆ ಬೇಡಿಕೆಯನ್ನು ವಿಳಂಬವಿಲ್ಲದೆ ಪರಿಗಣಿಸುವುದು.

ಮುಂದಿನ ಭೇಟಿಯಲ್ಲಿ ಮೂಲೆಯ ಯಂತ್ರದ ಮೇಲಿನ ಬಟ್ಟೆಯನ್ನು ತೆಗೆಸಿ, ಹೊಸ ಸೂಜಿ ಹಾಕಿಸಿ, ದಾರವನ್ನು ಮೊದಲಿನಿಂದ ಪೋಣಿಸಿ ಕೌದಿಯ ಒಂದು ತುಂಡನ್ನು ಹೊಲಿಯುವಂತೆ ಕೇಳಿರಿ. ಅದಕ್ಕೆ ತಗಲುವುದು ಕೆಲವೇ ನಿಮಿಷ, ಒಂದು ಸೂಜಿಯ ಬೆಲೆ. ಹೊಸ ಯಂತ್ರದ ಪ್ರಸ್ತಾವನೆಗೆ ಸಹಿ ಹಾಕುವ ಮೊದಲು ಇಷ್ಟನ್ನು ಮಾಡಿಸತಕ್ಕದ್ದು.